ಕೀಲಿಕೈ ಯಾರ ಸೊಂಟದಲ್ಲಿದೆ?

ದೇವನೂರು ಅಂದ ತಕ್ಷಣ ಕನ್ನಡಿಗರಿಗೆ ನೆನಪಾಗೋದು ದೇವನೂರ ಮಹಾದೇವ. ಆ ಊರಿರುವ ನಂಜನಗೂಡಿನಲ್ಲಿ 2017ರ ಏಪ್ರಿಲ್‌ನಲ್ಲಿ ಉಪಚುನಾವಣೆ ನಡೆಯಿತಲ್ಲ, ನೆನಪಿದೆಯಾ? ಸರ್ಕಾರದ ಮಂತ್ರಿಗಳೂ, ವಿರೋಧ ಪಕ್ಷದ ನಾಯಕರೂ ಅಲ್ಲೇ ಬೀಡು ಬಿಟ್ಟಿದ್ದರು. ಭ್ರಷ್ಟಾಚಾರದ ಬಗ್ಗೆ ಇವರು ಅವರನ್ನು ಬೈಯೋದು, ಅವರು ಇವರನ್ನು ಬೈಯೋದು. ಅವರೆಲ್ಲರಿಗೂ ಮತದಾರ ಕೇಳಬಹುದಾಗಿದ್ದ ಒಂದೇ ಒಂದು ಪ್ರಶ್ನೆ ಇತ್ತು: ಸ್ವಾಮಿ, ನಾಳೆ ನೀವೇ ತಪ್ಪು ಮಾಡಿದರೆ ತನಿಖೆ ಮಾಡೋರು ಯಾರು? ಆ ತನಿಖಾಧಿಕಾರಿ ಯಾರ ಕೈಕೆಳಗಿರ್ತಾರೆ?

ಈ ಪ್ರಶ್ನೆ ಯಾಕೆ ಮುಖ್ಯ ಅಂತ ಬಿಡಿಸಿ ಹೇಳ್ತೀನಿ.

ಕರ್ನಾಟಕದಲ್ಲಿ ಲೋಕಾಯುಕ್ತ ಕಾಯ್ದೆ ಬಂದಿದ್ದು 1984ರಲ್ಲಿ, ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ. ಸಂಸ್ಥೆ ಕೆಲಸ ಶುರು ಮಾಡಿದ್ದು 1986ರಲ್ಲಿ. ಅದಕ್ಕೆ ಎರಡು ಕೈಗಳು. ಒಂದು ಕೈ ದೂರು ವಿಚಾರಣೆ ಮಾಡಿ ವರದಿ ಕೊಡುತ್ತೆ. ವರದಿ ಅಂದ್ರೆ ಶಿಫಾರಸು. ಒಪ್ಪೋದು, ಬಿಡೋದು ಬಹುಮಟ್ಟಿಗೆ ಸರ್ಕಾರಕ್ಕೇ ಬಿಟ್ಟಿದ್ದು. ಇನ್ನೊಂದು ಕೈ ಪೊಲೀಸ್ ವಿಭಾಗ. ದಾಳಿ, ಎಫ್‌ಐಆರ್, ಬಂಧನ, ಆರೋಪಪಟ್ಟಿ ಎಲ್ಲ ಇದರದ್ದು. ಲಂಚಕೋರರು ಹೆದರುತ್ತಿದ್ದದ್ದು ಈ ಎರಡನೇ ಕೈಗೆ.

2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆ ವರದಿ ಕೊಟ್ಟರು. ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಮುಂದೆ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಗಣಿ ಕಿಕ್‌ಬ್ಯಾಕ್ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು, ಅದನ್ನೂ ಹೇಳಲೇಬೇಕು. ಆದರೆ ಕುರ್ಚಿಯಲ್ಲಿ ಕೂತ ಎಲ್ಲರಿಗೂ ಅವತ್ತು ಒಂದು ವಿಷಯ ಅರ್ಥವಾಯ್ತು: ಈ ಸಂಸ್ಥೆ ಮುಖ್ಯಮಂತ್ರಿಯನ್ನೂ ಇಳಿಸಬಲ್ಲದು.

2015ರಲ್ಲಿ ಲೋಕಾಯುಕ್ತ ಕಚೇರಿಯೊಳಗೇ ಸುಲಿಗೆ ಹಗರಣ ಹೊರಬಿತ್ತು. ಲೋಕಾಯುಕ್ತರ ಮಗನೇ ಬಂಧನಕ್ಕೊಳಗಾದ. ಲೋಕಾಯುಕ್ತರು ರಾಜೀನಾಮೆ ಕೊಟ್ಟರು. ಸಂಸ್ಥೆಯನ್ನು ಶುದ್ಧ ಮಾಡಬೇಕಿತ್ತು, ನಿಜ. ಮಾಡಿದ್ದೇನು? 2016ರ ಮಾರ್ಚ್ 14ರಂದು ಸಿದ್ದರಾಮಯ್ಯ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ, ಅಂದ್ರೆ ಎಸಿಬಿ ರಚಿಸಿತು. ಲೋಕಾಯುಕ್ತ ಪೊಲೀಸರ ಅಧಿಕಾರ ಎಸಿಬಿಗೆ ಹೋಯ್ತು. ಎಸಿಬಿ ಮುಖ್ಯಮಂತ್ರಿಯವರ ಅಧೀನದ ಇಲಾಖೆಗೆ ಸೇರಿತು. ನೆಗಡಿ ಬಂತು ಅಂತ ಮೂಗನ್ನೇ ಕೊಯ್ದ ಹಾಗಾಯ್ತು. ಬೀಗ ಜನರದ್ದು, ಕೀಲಿಕೈ ಮಾತ್ರ ಸರ್ಕಾರದ ಸೊಂಟಕ್ಕೆ!

ಇದನ್ನು ಒಂದೇ ಪಕ್ಷದ ತಲೆಗೆ ಕಟ್ಟಬೇಡಿ. 2018ರಲ್ಲಿ ಮೈತ್ರಿ ಸರ್ಕಾರ ಬಂತು, ಎಸಿಬಿ ಉಳಿಯಿತು. 2019ರಲ್ಲಿ ಬಿಜೆಪಿ ಬಂತು, ಆಗಲೂ ಉಳಿಯಿತು. ವಿರೋಧ ಪಕ್ಷದಲ್ಲಿದ್ದಾಗ ಸ್ವತಂತ್ರ ತನಿಖೆ ಬೇಕು, ಅಧಿಕಾರಕ್ಕೆ ಬಂದ ಮೇಲೆ ಬೇಡ. ಕೊನೆಗೆ 2022ರ ಆಗಸ್ಟ್ 11ರಂದು ಎಸಿಬಿ ರದ್ದು ಮಾಡಿದ್ದು ಹೈಕೋರ್ಟ್. ಪೊಲೀಸ್ ಅಧಿಕಾರ ಲೋಕಾಯುಕ್ತಕ್ಕೆ ವಾಪಸ್ ಬಂತು.

ಆಮೇಲಿನ ಕಥೆ ಮೈಸೂರಿನದ್ದೇ. 2024ರಲ್ಲಿ ಮುಡಾದ 14 ನಿವೇಶನಗಳ ಪ್ರಕರಣ ಎದ್ದಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮೇಲೆ ಸೆಪ್ಟೆಂಬರ್ 27ರಂದು ಎಫ್‌ಐಆರ್ ದಾಖಲಿಸಿದ್ದು ಮೈಸೂರಿನ ಲೋಕಾಯುಕ್ತ ಪೊಲೀಸರು. ಯಾವ ಪೊಲೀಸರ ಅಧಿಕಾರವನ್ನು ಅವರ ಸರ್ಕಾರ ಕಿತ್ತುಕೊಂಡಿತ್ತೋ, ಅದೇ ಪೊಲೀಸರು! ನಿವೇಶನಗಳನ್ನು ವಾಪಸ್ ಕೊಡಲಾಯಿತು. 2025ರ ಫೆಬ್ರವರಿಯಲ್ಲಿ ಅದೇ ಪೊಲೀಸರು ಸಾಕ್ಷ್ಯ ಸಾಲದು ಅಂದರು. ದೂರುದಾರರು ಅದನ್ನು ಒಪ್ಪಲಿಲ್ಲ. ಇಲ್ಲಿ ಯಾರು ಸರಿ ಅನ್ನೋದು ನ್ಯಾಯಾಲಯದ ಕೆಲಸ. ನಾನು ಹೇಳ್ತಿರೋದು ಇಷ್ಟೇ: ಒಬ್ಬ ಸಾಮಾನ್ಯ ದೂರುದಾರ ಮುಖ್ಯಮಂತ್ರಿಯನ್ನು ವಿಚಾರಣೆಯ ಕುರ್ಚಿಗೆ ಕರೆತರಬಹುದು ಅಂತಾಯ್ತು. ಅದೇ ಹೊತ್ತಿಗೆ, ತನಿಖೆ ಮಾಡೋ ಪೊಲೀಸರು ಸರ್ಕಾರದಿಂದಲೇ ನಿಯೋಜನೆ ಮೇಲೆ ಬರೋರು, ಹಾಗಾಗಿ ಅನುಮಾನವೂ ಬೆನ್ನಿಗೇ ಇರುತ್ತೆ. ಕೀಲಿಕೈ ಇನ್ನೂ ಪೂರ್ತಿ ಕೈ ಬದಲಾಗಿಲ್ಲ.

ಹಾಗಾದ್ರೆ ದೇವನೂರಿನ ಮತದಾರ ಏನು ಮಾಡಬಹುದು? ಗೆದ್ದ ಶಾಸಕನನ್ನು ಐದು ವರ್ಷದೊಳಗೆ ವಾಪಸ್ ಕರೆಸೋ ಹಕ್ಕು ನಮಗಿಲ್ಲ. ಆದರೆ 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಕಾಮಗಾರಿಯ ಬಿಲ್ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ನಾಮಪತ್ರದ ಜೊತೆ ಅಭ್ಯರ್ಥಿ ಕೊಟ್ಟ ಆಸ್ತಿ ಪ್ರಮಾಣಪತ್ರ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೇ ಇರುತ್ತೆ. ಹೋದ ಸಲದ್ದು, ಈ ಸಲದ್ದು ಪಕ್ಕಪಕ್ಕ ಇಟ್ಟು ನೋಡಿ. ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು. ಕೊಟ್ಟಿದ್ದಾರಾ ಅಂತ ಕೇಳಿ. ಗ್ರಾಮಸಭೆಗೆ ಹೋಗಿ, ಎದ್ದು ನಿಂತು ಲೆಕ್ಕ ಕೇಳಿ.

ಮುಂದಿನ ಸಲ ಊರಿಗೆ ಕಾರುಗಳ ಸಾಲು ಬಂದಾಗ ರಸ್ತೆ, ಚರಂಡಿ ಕೇಳಿ, ತಪ್ಪಿಲ್ಲ. ಜೊತೆಗೆ ಇದನ್ನೂ ಕೇಳಿ: ಲೋಕಾಯುಕ್ತಕ್ಕೆ ತನ್ನದೇ ಪೊಲೀಸರನ್ನು ಕೊಡ್ತೀರಾ, ಇಲ್ವಾ? ಉತ್ತರ ಹೇಳದೆ ನಕ್ಕು ಮುಂದೆ ಹೋದರೆ, ಆ ನಗುವೇ ಉತ್ತರ ಅಂತ ತಿಳ್ಕೊಳ್ಳಿ.