ದೋಹಾದ ಹಳಿಗಳ ಮೇಲೆ ಒಂದು ರಜಾದಿನ

ಕತಾರ್‌ಗೆ ರೈಲು ತೀರಾ ಹೊಸತು. 2019ರ ಮೇ 8ರಂದು ದೋಹಾ ಮೆಟ್ರೋದ ಕೆಂಪು ಮಾರ್ಗ ಅಲ್ ಕಸ್ಸಾರ್‌ನಿಂದ ಅಲ್ ವಕ್ರಾವರೆಗೆ ಶುರುವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಚಿನ್ನದ ಮಾರ್ಗ ಬಂತು, ಡಿಸೆಂಬರಿನಲ್ಲಿ ಹಸಿರು ಮಾರ್ಗ. ಇಂದು ಸುಮಾರು 76 ಕಿ.ಮೀ. ಹಳಿ, 37 ನಿಲ್ದಾಣಗಳಿವೆ. ಇವುಗಳ ಜೊತೆಗೆ ಮೂರು ಟ್ರಾಮ್ ವ್ಯವಸ್ಥೆಗಳೂ ಸೇರಿವೆ. ದಿನದ ಪಾಸ್‌ಗೆ ತಲಾ 6 ರಿಯಾಲ್ ಕೊಟ್ಟರೆ ಗೆಳೆಯರ ಗುಂಪೊಂದು ಬೆಳಗ್ಗೆಯಿಂದ ಸಂಜೆಯೊಳಗೆ ಇವೆಲ್ಲವನ್ನೂ ಕಣ್ಣಾರೆ ನೋಡಿ, ಕ್ಯಾಮೆರಾದಲ್ಲಿ ತುಂಬಿಕೊಳ್ಳಬಹುದು.

ರೈಲು ನೋಡುವ ಹುಚ್ಚು ನಮ್ಮವರಿಗೆ ಹೊಸದಲ್ಲ. ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 1989ರಲ್ಲಿ ಹುಟ್ಟುಹಾಕಿದ ಇಂಡಿಯನ್ ರೈಲ್ವೇಸ್ ಫ್ಯಾನ್ ಕ್ಲಬ್ ಇಂಥವರನ್ನು ಒಟ್ಟುಗೂಡಿಸಿತು. ಸಕಲೇಶಪುರದ ಘಾಟಿಯಲ್ಲಿ, ದೂಧ್‌ಸಾಗರದ ಎದುರು ರೈಲಿಗಾಗಿ ಗಂಟೆಗಟ್ಟಲೆ ಕಾಯುವ ಕನ್ನಡಿಗರು ಎಷ್ಟೋ ಮಂದಿ. ಮಂಗಳೂರು, ಉಡುಪಿಯ ಕಡೆಯಿಂದ ದುಡಿಯಲು ದೋಹಾಕ್ಕೆ ಹೋದವರು ಆ ಆಸೆಯನ್ನು ಅಲ್ಲಿಯೂ ಉಳಿಸಿಕೊಳ್ಳಬಹುದು.

ಶುಕ್ರವಾರ ರೈಲುಗಳು ತಡವಾಗಿ ಹೊರಡುವುದರಿಂದ ಇಂಥ ಸುತ್ತಾಟಕ್ಕೆ ಶನಿವಾರವೇ ಅನುಕೂಲ. ನವೆಂಬರಿನಿಂದ ಮಾರ್ಚ್‌ವರೆಗಿನ ತಂಪು ಕಾಲ ಒಳ್ಳೆಯದು. ಮೊದಲು ಕೆಂಪು ಮಾರ್ಗದ ದಕ್ಷಿಣ ತುದಿಯಾದ ಅಲ್ ವಕ್ರಾಗೆ ಹೋಗಬೇಕು. ದೋಹಾ ಮೆಟ್ರೋದ ಬಹುಪಾಲು ನೆಲದಡಿಯಲ್ಲೇ ಇದೆ. ಆದರೆ ಅಲ್ ವಕ್ರಾದಲ್ಲಿ ಹಳಿ ಮೇಲ್ಸೇತುವೆಯ ಮೇಲಿದ್ದು, ಬೆಳಗಿನ ಬಿಸಿಲು ನೇರವಾಗಿ ಸಿಗುತ್ತದೆ. ಮೂರು ಬೋಗಿಗಳ ಈ ರೈಲನ್ನು ಕಟ್ಟಿದ್ದು ಜಪಾನಿನ ಕಿಂಕಿ ಶಾರ್ಯೊ ಕಂಪನಿ. ಅದರ ಮೂತಿಗೆ ಅರಬ್ಬೀ ಕುದುರೆಯ ಪ್ರೇರಣೆ ಇದೆ. ಚಾಲಕನಿಲ್ಲದೆ ಓಡುವ ರೈಲಾದ್ದರಿಂದ ಮುಂಗಾಜಿನ ಬಳಿ ನಿಂತರೆ ಹಳಿ ಎದುರಿಗೇ ಬಿಚ್ಚಿಕೊಳ್ಳುತ್ತದೆ. ಬಯಲಿನಿಂದ ಸುರಂಗಕ್ಕೆ ಇಳಿಯುವ ಆ ಕೆಲವು ಕ್ಷಣಗಳನ್ನು ವಿಡಿಯೊ ಮಾಡದೆ ಬಿಡಬಾರದು.

ಮೂರೂ ಮಾರ್ಗಗಳು ಕೂಡುವುದು ಮುಶೈರಿಬ್ ನಿಲ್ದಾಣದಲ್ಲಿ. ನಿಲ್ದಾಣಗಳ ವಿನ್ಯಾಸ ನೆದರ್‌ಲ್ಯಾಂಡ್ಸ್‌ನ ಯುಎನ್‌ಸ್ಟುಡಿಯೊದ್ದು. ಕಮಾನಿನಂತೆ ಬಾಗಿದ ಚಾವಣಿ ಅಲೆಮಾರಿ ಬೆದೂಯಿನರ ಡೇರೆಯನ್ನು, ಒಳಗಿನ ಹೊಳಪು ಮುತ್ತಿನ ಚಿಪ್ಪನ್ನು ನೆನಪಿಸುತ್ತದೆ. ತೈಲಕ್ಕೆ ಮೊದಲು ಮುತ್ತು ಹೆಕ್ಕಿ ಬದುಕಿದ ನಾಡು ತನ್ನ ಚರಿತ್ರೆಯನ್ನು ಗೋಡೆಗೇ ಬಳಿದುಕೊಂಡಿದೆ. ಪ್ಲಾಟ್‌ಫಾರಂ ಅಂಚಿಗೆ ಗಾಜಿನ ಬಾಗಿಲುಗಳಿರುವುದರಿಂದ ರೈಲಿನ ಚಿತ್ರ ತೆಗೆಯುವಾಗ ಪ್ರತಿಬಿಂಬ ಕಾಡುತ್ತದೆ. ಲೆನ್ಸನ್ನು ಗಾಜಿಗೆ ಆದಷ್ಟು ಹತ್ತಿರ ಹಿಡಿಯುವುದೇ ಇದಕ್ಕೆ ಉಪಾಯ.

ಈ ಸುರಂಗಗಳನ್ನು ಕೊರೆಯಲು ಒಂದೇ ಕಾಲಕ್ಕೆ 21 ಯಂತ್ರಗಳು ಕೆಲಸ ಮಾಡಿದವು. ಅದು ಗಿನ್ನೆಸ್ ದಾಖಲೆಯಾಯಿತು. ಯಂತ್ರಗಳ ಹಿಂದೆ ಭಾರತ, ನೇಪಾಳ, ಬಾಂಗ್ಲಾದೇಶಗಳಿಂದ ಬಂದ ಕಾರ್ಮಿಕರ ಬೆವರಿದೆ. ಕಂಪನಿ ಬಸ್ಸಿನಲ್ಲೋ ಕಾರಿನಲ್ಲೋ ಕೆಲಸಕ್ಕೆ ಹೋಗಿಬರುವ ನಮ್ಮವರಿಗೆ ನಗರದ ಈ ಒಳಮೈ ಕಾಣುವುದು ಮೆಟ್ರೋದಲ್ಲಿ ಸುತ್ತಿದಾಗಲೇ.

ಮುಶೈರಿಬ್‌ನಲ್ಲಿ ಮೇಲೆ ಬಂದರೆ ಪುಟ್ಟ ಟ್ರಾಮ್ ಸಿಗುತ್ತದೆ. ಹಳೆಯ ಕಾಲದ ಚಹರೆಯ ಈ ಗಾಡಿ ಬ್ಯಾಟರಿ ಮತ್ತು ಹೈಡ್ರೋಜನ್ ಬಲದಿಂದ ಓಡುತ್ತದೆ, ಟಿಕೆಟ್ ಬೇಡ. ಹಸಿರು ಮಾರ್ಗದಲ್ಲಿ ಎಜುಕೇಶನ್ ಸಿಟಿಗೆ ಹೋದರೆ ಸೀಮೆನ್ಸ್‌ನ ಅವೆನಿಯೊ ಟ್ರಾಮ್‌ಗಳಿವೆ. ಇವು ನಿಲ್ದಾಣದಲ್ಲಿ ನಿಂತಾಗ ಚಾರ್ಜ್ ಆಗಿ, ಮುಂದಿನ ನಿಲ್ದಾಣದವರೆಗೆ ಆ ಶಕ್ತಿಯಲ್ಲೇ ಸಾಗುತ್ತವೆ. ದಾರಿಯುದ್ದಕ್ಕೂ ತಲೆಯ ಮೇಲೆ ತಂತಿಯಿಲ್ಲ. ಊರಿನಲ್ಲಿ ವಿದ್ಯುತ್ ಕಂಬಗಳ ನಡುವೆ ಚೌಕಟ್ಟು ಹುಡುಕಿ ಸುಸ್ತಾದ ಛಾಯಾಗ್ರಾಹಕರಿಗೆ ಇಲ್ಲಿನ ತೆರೆದ ಆಕಾಶ ದೊಡ್ಡ ಸುಖ. ಸಂಜೆಗೆ ಮತ್ತೆ ಕೆಂಪು ಮಾರ್ಗ ಹಿಡಿದು ಲೆಗ್ತೈಫಿಯಾದಲ್ಲಿ ಇಳಿಯಬೇಕು. 2022ರ ಜನವರಿ 1ರಂದು ಶುರುವಾದ ಲುಸೈಲ್ ಟ್ರಾಮ್ ಅಲ್ಲಿಂದ ಸಿಗುತ್ತದೆ. ಗಾಡಿಗಳು ಆಲ್‌ಸ್ಟಾಮ್ ಕಂಪನಿಯವು. ದೀಪ ಹತ್ತಿದ ಗಗನಚುಂಬಿಗಳ ನಡುವೆ ಅದು ಹಾಯುವಾಗ ನಿಧಾನ ಶಟರ್‌ನಲ್ಲಿ ತೆಗೆದ ಚಿತ್ರ ಚೆನ್ನಾಗಿ ಬರುತ್ತದೆ.

ಒಂದು ಎಚ್ಚರಿಕೆ: ಕತಾರ್‌ನಲ್ಲಿ ಒಪ್ಪಿಗೆಯಿಲ್ಲದೆ ಬೇರೆಯವರ ಫೋಟೊ ತೆಗೆಯುವುದು ಶಿಕ್ಷಾರ್ಹವಾಗಬಹುದು. ಕುಟುಂಬಗಳಿಗೆ ಮೀಸಲಾದ ಬೋಗಿಯ ಭಾಗದತ್ತ ಕ್ಯಾಮೆರಾ ತಿರುಗಿಸಬಾರದು. ಫ್ಲ್ಯಾಶ್ ಬೇಡ. ಸಿಬ್ಬಂದಿ ಬೇಡವೆಂದರೆ ವಾದಕ್ಕಿಳಿಯದೆ ಕ್ಯಾಮೆರಾ ಇಳಿಸಬೇಕು.

ಇಂಥ ಚಿತ್ರಗಳ ಬೆಲೆ ತಿಳಿಯುವುದು ವರ್ಷಗಳು ಕಳೆದ ಮೇಲೆ. ಸಕಲೇಶಪುರದ ಘಾಟಿ ಹಾಯುವ ಹಾಸನ–ಮಂಗಳೂರು ಮೀಟರ್‌ಗೇಜ್ ಹಳಿ ಹುಟ್ಟಿದ್ದು 1979ರಲ್ಲಿ. ಬ್ರಾಡ್‌ಗೇಜ್ ಆಗಲೆಂದು ಮುಚ್ಚಿದ್ದು 1996ರಲ್ಲಿ. ಆ ಘಾಟಿಯ ಪುಟ್ಟ ರೈಲು ಹೇಗಿತ್ತೆಂದು ಇಂದಿನ ಮಕ್ಕಳಿಗೆ ತೋರಿಸಲು ಹಳಿಯ ಬದಿ ನಿಂತ ಹವ್ಯಾಸಿಗಳ ಚಿತ್ರಗಳೇ ದಿಕ್ಕು. ದೋಹಾದ ಹಳಿಗಳಿಗೆ ಈಗ ಎಳೆಯ ವಯಸ್ಸು. ಮಾರ್ಗಗಳು ಬೆಳೆಯುತ್ತವೆ, ಗಾಡಿಗಳು ಬದಲಾಗುತ್ತವೆ. ಅಲ್ಲಿನ ಕನ್ನಡ, ತುಳು ಸಂಘಟನೆಗಳು ವರ್ಷಕ್ಕೊಂದು ದಿನ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೀಗೆ ಹೊರಟರೆ, ತೆಗೆದ ಪ್ರತಿ ಚಿತ್ರಕ್ಕೆ ದಿನಾಂಕ, ನಿಲ್ದಾಣದ ಹೆಸರು ಬರೆದಿಟ್ಟರೆ, ಒಂದು ನಾಡಿನ ರೈಲಿನ ಮೊದಲ ವರ್ಷಗಳ ದಾಖಲೆ ಕನ್ನಡಿಗರ ಕೈಯಲ್ಲೂ ಇರುತ್ತದೆ.