ಕಡಿಮೆ ದರದ ವಿದೇಶ ವಿಮಾನಯಾನ: ಲೆಕ್ಕ ಹಾಕುವ ಬಗೆ

ವಿದೇಶ ಪ್ರಯಾಣಕ್ಕೆ ಅಗ್ಗದ ಟಿಕೆಟ್ ಹುಡುಕುವವರು ಸಾಮಾನ್ಯವಾಗಿ ಪರದೆಯ ಮೇಲೆ ಮೊದಲು ಕಾಣುವ ದರವನ್ನೇ ಹೋಲಿಸಿ ನೋಡುತ್ತಾರೆ. ಆದರೆ ಬಜೆಟ್ ವಿಮಾನ ಸಂಸ್ಥೆಗಳ ಮಟ್ಟಿಗೆ ಆ ದರವು ಪ್ರಯಾಣದ ಒಟ್ಟು ವೆಚ್ಚದ ಒಂದು ಭಾಗ ಮಾತ್ರ. ಈ ಸಂಸ್ಥೆಗಳು ತಮ್ಮ ಖರ್ಚನ್ನು ಎಲ್ಲಿ ಉಳಿಸಿಕೊಳ್ಳುತ್ತವೆ, ಹಾಗೆ ಉಳಿಸಿದ್ದರಲ್ಲಿ ಯಾವ ಹೊರೆ ಪ್ರಯಾಣಿಕರ ಹೆಗಲಿಗೆ ಬೀಳುತ್ತದೆ ಎಂಬುದನ್ನು ತಿಳಿದವರಿಗೆ ಮಾತ್ರ ಕಡಿಮೆ ದರದ ಪ್ರಯೋಜನ ಪೂರ್ತಿಯಾಗಿ ದಕ್ಕುತ್ತದೆ.

ಈ ವ್ಯವಹಾರ ಪದ್ಧತಿಯನ್ನು ರೂಢಿಗೆ ತಂದ ಪ್ರಮುಖ ಸಂಸ್ಥೆ, 1971ರಲ್ಲಿ ಟೆಕ್ಸಾಸ್ ರಾಜ್ಯದ ಮೂರು ನಗರಗಳ ನಡುವೆ ಹಾರಾಟ ಆರಂಭಿಸಿದ ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್. 1997ರಲ್ಲಿ ಐರೋಪ್ಯ ಒಕ್ಕೂಟದ ಒಳಗಿನ ವಿಮಾನಯಾನ ಮಾರುಕಟ್ಟೆ ಪೂರ್ಣವಾಗಿ ಮುಕ್ತಗೊಂಡ ಮೇಲೆ ರಯಾನ್‌ಏರ್ ಮತ್ತು ಈಸಿಜೆಟ್ ಸಂಸ್ಥೆಗಳು ಅದೇ ಪದ್ಧತಿಯನ್ನು ಯುರೋಪಿನ ಹಲವು ದೇಶಗಳಿಗೆ ಹರಡಿದವು. 2001ರಲ್ಲಿ ಟೋನಿ ಫರ್ನಾಂಡಿಸ್ ಅವರು ಸಾಲದಲ್ಲಿ ಮುಳುಗಿದ್ದ ಮಲೇಷ್ಯಾದ ಏರ್‌ಏಷ್ಯಾವನ್ನು ಒಂದು ರಿಂಗಿಟ್‌ಗೆ ಕೊಂಡರು. 2003ರಲ್ಲಿ ಶಾರ್ಜಾದಲ್ಲಿ ಏರ್ ಅರೇಬಿಯಾ ಹಾರಾಟ ಆರಂಭಿಸಿತು. ಅದೇ ವರ್ಷ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಏರ್ ಡೆಕ್ಕನ್ ಆರಂಭಿಸಿ ದೇಶದೊಳಗಿನ ವಿಮಾನಯಾನವನ್ನು ಮಧ್ಯಮ ವರ್ಗದ ಕೈಗೆ ಎಟುಕುವಂತೆ ಮಾಡಿದರು. ಆದರೆ ಐದು ವರ್ಷಗಳ ಸೇವೆ ಹಾಗೂ ಇಪ್ಪತ್ತು ವಿಮಾನಗಳಿಲ್ಲದ ಭಾರತೀಯ ಸಂಸ್ಥೆ ವಿದೇಶಕ್ಕೆ ಹಾರುವಂತಿಲ್ಲ ಎಂಬ ನಿಯಮ 2016ರವರೆಗೂ ಇದ್ದುದರಿಂದ, ವಿದೇಶದ ಅಗ್ಗದ ಹಾರಾಟಕ್ಕೆ ದಾರಿ ಮಾಡಿದ್ದು 2005ರಲ್ಲಿ ಆರಂಭವಾದ, ಆಗ ಸರ್ಕಾರದ ಒಡೆತನದಲ್ಲಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್. ಮರುವರ್ಷ ಅದು ಮಂಗಳೂರಿನಿಂದ ದುಬೈಗೆ ಹಾರಾಟ ಆರಂಭಿಸಿದಾಗ, ಗಲ್ಫ್ ದೇಶಗಳಲ್ಲಿ ದುಡಿಯುವ ಕರಾವಳಿಯ ಕುಟುಂಬಗಳಿಗೆ ತಮ್ಮ ಊರಿನ ನಿಲ್ದಾಣದಿಂದಲೇ ವಿಮಾನ ಹತ್ತುವ ಅವಕಾಶ ದೊರೆಯಿತು.

ಬಜೆಟ್ ಸಂಸ್ಥೆಯ ಉಳಿತಾಯದ ಮೂಲಗಳು ಹಲವು. ಒಂದೇ ಮಾದರಿಯ ವಿಮಾನಗಳನ್ನು ಇಟ್ಟುಕೊಂಡರೆ ಪೈಲಟ್‌ಗಳ ತರಬೇತಿ, ಬಿಡಿಭಾಗ ಮತ್ತು ದುರಸ್ತಿಯ ಖರ್ಚು ತಗ್ಗುತ್ತದೆ. ಎರಡು ದರ್ಜೆಗಳಿದ್ದರೆ ಸುಮಾರು 150 ಆಸನ ಹಿಡಿಸುವ ಏರ್‌ಬಸ್ ಎ320 ವಿಮಾನದಲ್ಲಿ, ಒಂದೇ ದರ್ಜೆಯಾದರೆ 180 ಆಸನ ಹಾಕಬಹುದು. ನಿಲ್ದಾಣದಲ್ಲಿ ಇಳಿದ ವಿಮಾನವನ್ನು ಅರ್ಧ ಗಂಟೆಯೊಳಗೆ ಮತ್ತೆ ಹಾರಿಸಿದರೆ ದಿನಕ್ಕೊಂದು ಹೆಚ್ಚಿನ ಹಾರಾಟವೂ ಸಾಧ್ಯವಾಗುತ್ತದೆ. ಇವುಗಳಿಂದ ಪ್ರಯಾಣಿಕರಿಗೆ ಹೆಚ್ಚಿನ ನಷ್ಟವಿಲ್ಲ. ಆದರೆ ಊಟ, ಲಗೇಜು, ಆಸನದ ಆಯ್ಕೆ ಇವುಗಳನ್ನು ಟಿಕೆಟ್‌ನಿಂದ ಬೇರ್ಪಡಿಸಿ ಒಂದೊಂದಕ್ಕೂ ಬೆಲೆ ಕಟ್ಟುವುದು, ನಗರದಿಂದ ದೂರದ ಅಗ್ಗದ ನಿಲ್ದಾಣದಲ್ಲಿ ಇಳಿಸುವುದು ಮತ್ತು ಮುಂದಿನ ವಿಮಾನ ತಪ್ಪಿದರೆ ಹೊಣೆ ಹೊರದಿರುವುದು, ಈ ಮೂರನ್ನು ಪ್ರಯಾಣಿಕರೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಇವುಗಳಿಗೂ ಮೊದಲು ಮೂಲದರ ಏರಿಳಿಯುವ ಕ್ರಮವನ್ನು ಅರಿಯುವುದು ಅಗತ್ಯ. ಒಂದು ವಿಮಾನದ ಆಸನಗಳನ್ನು ಸಂಸ್ಥೆಯು ಹಲವು ದರಗಳ ಗುಂಪುಗಳಾಗಿ ವಿಂಗಡಿಸಿರುತ್ತದೆ. ಅತಿ ಕಡಿಮೆ ದರದ ಗುಂಪಿನಲ್ಲಿ ಕೆಲವೇ ಆಸನಗಳಿದ್ದು, ಅವು ಮುಗಿದೊಡನೆ ಮಾರಾಟ ಮುಂದಿನ ಗುಂಪಿಗೆ ಸರಿಯುತ್ತದೆ. ಬೇಡಿಕೆಯನ್ನು ನೋಡಿಕೊಂಡು ಈ ಗುಂಪುಗಳ ಗಾತ್ರವನ್ನೂ ಸಂಸ್ಥೆ ಆಗಾಗ ಬದಲಿಸುತ್ತಿರುತ್ತದೆ. ಆದ್ದರಿಂದ ವಾರದ ಇಂಥ ದಿನ, ಇಂಥ ಹೊತ್ತಿನಲ್ಲಿ ಕೊಂಡರೆ ಅಗ್ಗ ಎಂಬ ನಂಬಿಕೆಗಿಂತ, ಹೊರಡುವ ದಿನವನ್ನು ಒಂದೆರಡು ದಿನ ಹಿಂದುಮುಂದು ಮಾಡುವುದು ಹೆಚ್ಚು ಫಲ ನೀಡುತ್ತದೆ. ಗೂಗಲ್ ಫ್ಲೈಟ್ಸ್ ಮತ್ತು ಸ್ಕೈಸ್ಕ್ಯಾನರ್‌ಗಳಲ್ಲಿ ಇಡೀ ತಿಂಗಳ ದರಗಳನ್ನು ಒಟ್ಟಿಗೆ ನೋಡುವ ಸೌಲಭ್ಯವಿರುವುದು ಇದಕ್ಕಾಗಿಯೇ. ಶಾಲೆಗಳ ಬೇಸಿಗೆ ರಜೆ, ದಸರಾ, ಕ್ರಿಸ್‌ಮಸ್, ಗಲ್ಫ್ ಮಾರ್ಗಗಳಲ್ಲಿ ಈದ್ ಮತ್ತು ಅಲ್ಲಿನ ಶಾಲೆಗಳಿಗೆ ರಜೆಯಿರುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕೆಳಗಿನ ಗುಂಪುಗಳು ಬೇಗ ಖಾಲಿಯಾಗುತ್ತವೆ. ಕುಟುಂಬ ಸಮೇತ ಹೊರಟವರು ಇನ್ನೊಂದನ್ನೂ ಗಮನಿಸಬಹುದು: ಕಡಿಮೆ ದರದ ಗುಂಪಿನಲ್ಲಿ ಎರಡೇ ಆಸನ ಉಳಿದಿರುವಾಗ ನಾಲ್ಕು ಟಿಕೆಟ್‌ಗಳನ್ನು ಒಟ್ಟಿಗೆ ಹುಡುಕಿದರೆ, ಅನೇಕ ಬುಕಿಂಗ್ ವ್ಯವಸ್ಥೆಗಳು ನಾಲ್ಕಕ್ಕೂ ಮೇಲಿನ ಗುಂಪಿನ ದರವನ್ನೇ ತೋರಿಸುತ್ತವೆ, ಒಬ್ಬರಿಗೆ, ಇಬ್ಬರಿಗೆ ಎಂದು ಬೇರೆಯಾಗಿ ಹುಡುಕಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಮೂಲದರಕ್ಕೆ ವಿಮಾನ ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕ, ಜಿಎಸ್‌ಟಿ ಮತ್ತು ಪಾವತಿಯ ಹಂತದಲ್ಲಿ ಕೇಳುವ ಸೌಲಭ್ಯ ಶುಲ್ಕ ಸೇರುತ್ತವೆ. ದರ ವಿದೇಶಿ ಹಣದಲ್ಲಿದ್ದರೆ ಕಾರ್ಡಿನ ಬ್ಯಾಂಕು ವಿಧಿಸುವ ವಿನಿಮಯ ಶುಲ್ಕವೂ ಸೇರಬಹುದು. ಇವುಗಳ ನಂತರ ಬರುವ ಮುಖ್ಯ ಬಾಬತ್ತು ಲಗೇಜು. ಅನೇಕ ಬಜೆಟ್ ಸಂಸ್ಥೆಗಳ ಅತಿ ಅಗ್ಗದ ಟಿಕೆಟ್‌ನಲ್ಲಿ ಏಳು ಕಿಲೋ ಕೈಚೀಲಕ್ಕಷ್ಟೇ ಅವಕಾಶ. ಚೆಕ್-ಇನ್ ಲಗೇಜಿಗೆ ಟಿಕೆಟ್ ಕೊಳ್ಳುವಾಗಲೇ ಹಣ ಕಟ್ಟುವುದಕ್ಕೂ ನಿಲ್ದಾಣದ ಕೌಂಟರಿನಲ್ಲಿ ತೂಕ ಮೀರಿತೆಂದು ಕಟ್ಟುವುದಕ್ಕೂ ಬಹಳ ಅಂತರವಿದ್ದು, ಕೊನೆಯ ಗಳಿಗೆಯ ಈ ಪಾವತಿಯೊಂದೇ ಟಿಕೆಟ್‌ನ ಉಳಿತಾಯವನ್ನೆಲ್ಲ ನುಂಗಿಬಿಡಬಲ್ಲದು. ಆದಕಾರಣ ಎರಡು ಸಂಸ್ಥೆಗಳನ್ನು ಹೋಲಿಸುವವರು ಒಯ್ಯಬೇಕಾದ ತೂಕವನ್ನು ಮೊದಲು ನಿರ್ಧರಿಸಿ, ಅಷ್ಟೇ ತೂಕಕ್ಕೆ ಎರಡೂ ಕಡೆ ತಗಲುವ ಅಂತಿಮ ಮೊತ್ತವನ್ನು ಎದುರುಬದುರು ಇಟ್ಟು ನೋಡಬೇಕು.

ನಿಲ್ದಾಣದ ಸ್ಥಳವೂ ವೆಚ್ಚದ ಭಾಗವೇ. ಫ್ರಾಂಕ್‌ಫರ್ಟ್‌ನ ಹೆಸರಿನಲ್ಲಿ ರಯಾನ್‌ಏರ್ ಬಳಸುತ್ತಿದ್ದ ಹಾನ್ ನಿಲ್ದಾಣ ಆ ನಗರದಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿದೆ. ಪ್ಯಾರಿಸ್ಸಿನ ಹೆಸರು ಹೊತ್ತ ಬೋವೆ ನಿಲ್ದಾಣದಿಂದ ನಗರ ಸೇರಲು ಬಸ್ಸಿನಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ಆಗ್ನೇಯ ಏಷ್ಯಾದಲ್ಲಿ ಬ್ಯಾಂಕಾಕ್ ಇದಕ್ಕೆ ತಕ್ಕ ನಿದರ್ಶನ. ಬೆಂಗಳೂರಿನಿಂದ ಥಾಯ್ ಏರ್‌ಏಷ್ಯಾದಲ್ಲಿ ಹೋದವರು ನಗರದ ಉತ್ತರದ ಡಾನ್ ಮುವಾಂಗ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಅಲ್ಲಿಂದ ಜಪಾನಿಗೋ ಯುರೋಪಿಗೋ ಹೋಗುವ ಮತ್ತೊಂದು ಸಂಸ್ಥೆಯ ವಿಮಾನ ನಗರದ ಪೂರ್ವದ ಸುವರ್ಣಭೂಮಿಯಿಂದ ಹೊರಡಬಹುದು. ಎರಡು ಟಿಕೆಟ್‌ಗಳನ್ನು ಬೇರೆಬೇರೆಯಾಗಿ ಕೊಂಡ ಪ್ರಯಾಣಿಕರು ಮೊದಲು ಥಾಯ್ಲೆಂಡಿನ ವಲಸೆ ತಪಾಸಣೆ ದಾಟಿ, ಲಗೇಜು ಬಿಡಿಸಿಕೊಂಡು, ವಾಹನದಟ್ಟಣೆಯ ನಡುವೆ ಹಾದು, ಎರಡನೆಯ ನಿಲ್ದಾಣದಲ್ಲಿ ಹೊಸದಾಗಿ ಚೆಕ್-ಇನ್ ಮಾಡಬೇಕು. ಅಂದರೆ ಆ ದೇಶದ ಪ್ರವೇಶ ನಿಯಮಗಳು ಅವರಿಗೂ ಅನ್ವಯಿಸುತ್ತವೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಸಂಸ್ಥೆ ಅದನ್ನು ಪ್ರಯಾಣಿಕರ ಗೈರುಹಾಜರಿ ಎಂದೇ ಪರಿಗಣಿಸುತ್ತದೆ. ಒಂದೇ ಟಿಕೆಟ್‌ನಲ್ಲಿ ಎರಡೂ ಹಾರಾಟಗಳಿದ್ದರೆ ಮುಂದಿನ ವಿಮಾನಕ್ಕೆ ಸೇರಿಸುವ ಹೊಣೆ ಸಂಸ್ಥೆಯದಾಗಿರುತ್ತದೆ. ಪ್ರತ್ಯೇಕ ಟಿಕೆಟ್ ಕೊಳ್ಳಲೇಬೇಕೆಂದಿದ್ದರೆ ನಡುವೆ ಒಂದು ರಾತ್ರಿಯ ಬಿಡುವು ಇಟ್ಟುಕೊಂಡು, ಆ ವಸತಿಯ ಖರ್ಚನ್ನೂ ಸೇರಿಸಿ ಲೆಕ್ಕ ಹಾಕುವುದು ವಿವೇಕ.

ಟಿಕೆಟ್ ಕೊಳ್ಳುವ ಸ್ಥಳವೂ ಮುಖ್ಯ. ಹುಡುಕಾಟಕ್ಕೆ ಹೋಲಿಕೆಯ ತಾಣಗಳನ್ನು ಬಳಸಿದರೂ ಪಾವತಿಯನ್ನು ವಿಮಾನ ಸಂಸ್ಥೆಗೇ ನೇರವಾಗಿ ಮಾಡಿದರೆ, ವೇಳೆ ಬದಲಾದಾಗ ಅಥವಾ ಹಾರಾಟ ರದ್ದಾದಾಗ ಮಧ್ಯವರ್ತಿಯ ಉತ್ತರಕ್ಕಾಗಿ ಕಾಯಬೇಕಾಗುವುದಿಲ್ಲ. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಮೂಲದರ ಮರಳದ ಟಿಕೆಟ್ಟಾದರೂ ಪ್ರಯಾಣ ಕೈಬಿಟ್ಟಾಗ ಶಾಸನಬದ್ಧ ತೆರಿಗೆಗಳನ್ನೂ ಬಳಕೆದಾರರ ಅಭಿವೃದ್ಧಿ ಶುಲ್ಕವನ್ನೂ ಭಾರತೀಯ ವಿಮಾನ ಸಂಸ್ಥೆಗಳು ಹಿಂದಿರುಗಿಸಬೇಕು. ಮೂಲದರವೇ ಅತಿ ಕಡಿಮೆಯಿರುವ ಟಿಕೆಟ್‌ನಲ್ಲಿ ಈ ಮೊತ್ತವು ಒಟ್ಟು ಬೆಲೆಯ ಗಣನೀಯ ಪಾಲಾಗಿರುವುದರಿಂದ, ಟಿಕೆಟ್ ಹೇಗೂ ಹಾಳಾಯಿತೆಂದು ಸುಮ್ಮನಾಗದೆ ಅದನ್ನು ಕೇಳಿ ಪಡೆಯುವುದು ಪ್ರತಿಯೊಬ್ಬ ಪ್ರಯಾಣಿಕರ ಹಕ್ಕು.