ಖಿನ್ನತೆ ಮೊದಲೋ, ಕುಡಿತ ಮೊದಲೋ?

ಪರೀಕ್ಷೆಯಲ್ಲಿ ನಪಾಸಾದ ಹುಡುಗ ಕುಡಿಯತೊಡಗಿದರೆ ಮನೆಯವರ ಕಣ್ಣಿಗೆ ಬೀಳುವುದು ಬಾಟಲಿ. ಅದಕ್ಕೆ ತಿಂಗಳುಗಳ ಮೊದಲೇ ಅವನು ನಿದ್ದೆಗೆಟ್ಟದ್ದು, ಊಟ ಬಿಟ್ಟದ್ದು, ಗೆಳೆಯರಿಂದ ದೂರವಾದದ್ದು ಎಷ್ಟೋ ವೇಳೆ ಯಾರ ಲೆಕ್ಕಕ್ಕೂ ಬಂದಿರುವುದಿಲ್ಲ.

ಮದ್ಯ ಉತ್ತೇಜಕವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವವಾಗಿ ಅದು ನರಮಂಡಲವನ್ನು ಮಂಕಾಗಿಸುವ ವಸ್ತು. ಮಿದುಳಿನ ನರಕೋಶಗಳ ಚಟುವಟಿಕೆಗೆ ಕಡಿವಾಣ ಹಾಕುವ 'ಗಾಬಾ' ಎಂಬ ರಾಸಾಯನಿಕದ ಪ್ರಭಾವವನ್ನು ಅದು ಹೆಚ್ಚಿಸುತ್ತದೆ; ಚುರುಕುಗೊಳಿಸುವ ಗ್ಲುಟಮೇಟ್‌ನ ಪ್ರಭಾವವನ್ನು ತಗ್ಗಿಸುತ್ತದೆ. ಜೊತೆಗೆ ಡೋಪಮಿನ್ ಒಸರಿ ಸ್ವಲ್ಪ ಹೊತ್ತು ಹಿತವೆನಿಸುತ್ತದೆ. ದುಃಖ ಕರಗಿತೆಂಬ ಭ್ರಮೆ ಹುಟ್ಟುವುದು ಇಲ್ಲೇ. ದಿನವೂ ಕುಡಿದರೆ ಮಿದುಳು ಇದಕ್ಕೆ ಒಗ್ಗಿಹೋಗುತ್ತದೆ. ಅಮಲಿಳಿದಾಗ ಉಳಿಯುವುದು ತಳಮಳ, ಅರೆಬರೆ ನಿದ್ದೆ, ಮೊದಲಿಗಿಂತ ಹೆಚ್ಚಿನ ಬೇಸರ. ಅದನ್ನು ತಣಿಸಲು ಮತ್ತೆ ಬಾಟಲಿ!

ಹಾಗಾದರೆ ಯಾವುದು ಮೊದಲು? ಎರಡೂ ಉಂಟು. ಕುಡಿತ ಬಿಟ್ಟ ಎರಡರಿಂದ ನಾಲ್ಕು ವಾರಗಳಲ್ಲಿ ಅನೇಕರ ಖಿನ್ನತೆ ತಾನಾಗಿ ತಗ್ಗುತ್ತದೆ. ತಗ್ಗದಿದ್ದರೆ ಅದು ಬೇರೆಯೇ ಕಾಯಿಲೆಯಿರಬೇಕೆಂದು ವೈದ್ಯರು ಶಂಕಿಸುತ್ತಾರೆ. ಸಾಯುವ ಮಾತಾಡುವವರ ವಿಷಯದಲ್ಲಿ ಮಾತ್ರ ಹೀಗೆ ಕಾಯುವಂತಿಲ್ಲ. ಎರಡೂ ಇದ್ದರೆ ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಬೇಕು.

ಬಹುಕಾಲ ವಿಪರೀತ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಶೌರ್ಯ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ದೂರದ ಊರಿನವರು 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಉಚಿತ ದೂರವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.